ಟಿಬಿಲಿಸಿಯ ನೆಲಮಾಳಿಗೆಯಲ್ಲಿ ಒಂದು ಊಟ: ಕೇಳದೆ ಬಂದ ತಟ್ಟೆಗೆ ಬೆಲೆ ಕೇಳಿ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಮೂರು ಜನರ ಸಸ್ಯಾಹಾರಿ ಊಟಕ್ಕೆ 395 ಲಾರಿ 30 ತೆತ್ರಿ (ಲಾರಿ ಅಲ್ಲಿನ ಹಣ, ತೆತ್ರಿ ಅದರ ಚಿಲ್ಲರೆ). ನಮ್ಮ ರೂಪಾಯಿಯಲ್ಲಿ ಹೆಚ್ಚುಕಡಿಮೆ 12 ಸಾವಿರ. ದುಬೈ, ಶಾರ್ಜಾಗಳಿಂದ ಮೂರು ದಿನದ ರಜೆಗೆಂದು ಜಾರ್ಜಿಯಾಕ್ಕೆ ಹೋಗುವ ನಮ್ಮವರು ಇದನ್ನು ಓದಿಕೊಂಡು ವಿಮಾನ ಹತ್ತಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಜೇಬಿಗೆ ಯಾರೂ ಕೈ ಹಾಕಲಿಲ್ಲ. ಬೆಲೆ ಕೇಳಲು ಸಂಕೋಚಪಟ್ಟು ನಾವೇ ಕೊಟ್ಟು ಬಂದೆವು.

ನಾನು, ನಮ್ಮ ಯಜಮಾನರು, ದಾವಣಗೆರೆಯಿಂದ ಬಂದಿದ್ದ ಅತ್ತೆ. ಅಬನೊತುಬಾನಿ ಎಂಬ ಸ್ನಾನಗೃಹಗಳ ಬಡಾವಣೆಯ ಗಂಧಕದ ಬಿಸಿನೀರಿನಲ್ಲಿ ಮಿಂದು ಹೊರಬಂದಾಗ ಸಂಜೆ ಏಳು ಗಂಟೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಹಳೆಯ ಊರಿನ ಒಂದು ಓಣಿಯ ಬಾಯಲ್ಲಿ ನರೆಗೂದಲಿನ ಒಬ್ಬರು ಮೆನು ಹಿಡಿದು ನಿಂತಿದ್ದರು. ಸಣ್ಣ ಜಾಗ, ಮನೆಯ ಅಡುಗೆ, ಕೆಳಗೆ ನೆಲಮಾಳಿಗೆಯಲ್ಲಿ ಎಂದರು. ಮೆನುವಿನಲ್ಲಿ ಇಂಗ್ಲಿಷಿನಲ್ಲಿ ಬೆಲೆಗಳಿದ್ದವು. ತುಸು ದುಬಾರಿ ಅನಿಸಿದರೂ ಪ್ರವಾಸಿಗರ ಜಾಗವಲ್ಲವೇ ಎಂದು ಸುಮ್ಮನಾದೆವು. ‘ಸ್ತುಮಾರಿ ಘ್ವ್ತಿಸಾ’ ಎಂದು ಹೇಳಿ, ಅತಿಥಿಯೆಂದರೆ ದೇವರು ಕಳಿಸಿದವನು ಎಂದು ಅರ್ಥವನ್ನೂ ಬಿಡಿಸಿದರು. ನಮ್ಮಲ್ಲೂ ಅತಿಥಿ ದೇವೋ ಭವ ಎನ್ನುತ್ತೇವೆ ಎಂದು ಯಜಮಾನರು ಹಿಗ್ಗಿದರು. ಆಗಲೇ ನಾವು ಅರ್ಧ ಮೆಟ್ಟಿಲು ಇಳಿದಾಗಿತ್ತು.

ಊಟ ಚೆನ್ನಾಗಿತ್ತು, ಅದನ್ನು ಮರೆಮಾಚುವುದಿಲ್ಲ. ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ಬಂದ ಲೋಬಿಯೊ, ಅಂದರೆ ಕೊತ್ತಂಬರಿ ಹಾಕಿ ಅರೆಬರೆ ಮಸೆದ ರಾಜ್ಮಾ. ಜೊತೆಗೆ ಮ್ಚಾದಿ ಎಂಬ ಮೆಕ್ಕೆಜೋಳದ ದಪ್ಪ ರೊಟ್ಟಿ. ಅತ್ತೆ ಅದನ್ನು ಮುರಿದು ನೋಡಿ, ‘ತಟ್ಟಲು ಬಾರದವರು ಮಾಡಿದ್ದು, ಆದರೆ ರುಚಿಯಿದೆ’ ಎಂದು ತೀರ್ಪು ಕೊಟ್ಟರು. ಬದನೆಕಾಯಿಯ ತೆಳು ಹೋಳುಗಳನ್ನು ಕರಿದು, ಒಳಗೆ ಅಕ್ರೋಟು ಬೆಳ್ಳುಳ್ಳಿಯ ಅರೆಪು ಸವರಿ ಸುರುಳಿ ಸುತ್ತಿದ ಬದ್ರಿಜಾನಿಯಂತೂ ನಮ್ಮ ಎಣ್ಣೆಗಾಯಿಯ ದೂರದ ನೆಂಟ. ಚೀಸ್ ತುಂಬಿದ ರೊಟ್ಟಿ ಇಮೆರುಲಿ ಖಚಪುರಿ ಒಂದು, ಅಣಬೆ ತುಂಬಿದ ಕಡುಬಿನಂಥ ಖಿಂಕಾಲಿ ಹತ್ತು. ಖಿಂಕಾಲಿಯನ್ನು ಮೇಲಿನ ಗಂಟು ಹಿಡಿದು ಕೈಯಲ್ಲೇ ತಿನ್ನಬೇಕು, ಹಿಟ್ಟು ಗಟ್ಟಿಯಾಗಿರುವ ಆ ಗಂಟನ್ನು ತಟ್ಟೆಯಲ್ಲೇ ಬಿಡಬೇಕು. ಅದಕ್ಕೆ ಅವರು ‘ಕುದಿ’ ಎನ್ನುತ್ತಾರೆ. ನನ್ನ ಕಿವಿಗೆ ಅದು ನಮ್ಮ ‘ಕುಡಿ’ಯಂತೆಯೇ ಕೇಳಿಸಿ ನಗು ಬಂತು.

ತೊಂದರೆ ಇರುವುದು ನಾವು ಕೇಳದೇ ಬಂದದ್ದರಲ್ಲಿ. ಮೊದಲು ಒಂದು ಮರದ ಹಲಗೆ ಬಂತು: ಮೂರು ಬಗೆಯ ಚೀಸ್, ಅಕ್ರೋಟು, ಎರಡು ಕೋಲು ಚುರ್ಚ್‌ಖೇಲಾ. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ ಸಿಹಿ ಅದು. ಮೇಣದ ಬತ್ತಿಯಂತೆ ಕಾಣುತ್ತದೆ. ಆಮೇಲೆ ಹೂಜಿಯಲ್ಲಿ ವೈನ್. ಕ್ವೆವ್ರಿ ಎಂಬ ದೊಡ್ಡ ಗುಡಾಣವನ್ನು ನೆಲದಲ್ಲಿ ಹೂತು ಅದರಲ್ಲಿ ಹುಳಿಯಿಸಿದ್ದು, ಆ ಪದ್ಧತಿ 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ ಎಂದು ಮಾಲೀಕರು ಪಾಠ ಮಾಡಿದರು. ಮಾತು ನಿಜ. ಆದರೆ ಹೂಜಿ ಯಾರ ಲೆಕ್ಕಕ್ಕೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಕೇಳುವುದಾದರೂ ಹೇಗೆ? ಜಾರ್ಜಿಯಾದ ಔತಣಕ್ಕೆ ಸುಪ್ರಾ ಎನ್ನುತ್ತಾರೆ. ಅದರ ಯಜಮಾನಿಕೆ ವಹಿಸುವವನು ತಮದಾ; ಅವನು ಬಟ್ಟಲೆತ್ತಿ ಒಂದೊಂದು ವಿಷಯಕ್ಕೆ ಒಂದೊಂದು ಮಾತಾಡುತ್ತಾನೆ. ಮಾಲೀಕರು ನಮ್ಮ ಮೇಜಿನ ಬಳಿ ತಮದಾ ಆಗಿ ನಿಂತರು. ಮೊದಲ ಬಟ್ಟಲು ತಾಯಂದಿರಿಗೆ. ಎರಡನೆಯದಕ್ಕೆ ಮುಂಚೆ ಯಜಮಾನರನ್ನು ‘ನಿಮ್ಮ ತಂದೆ?’ ಎಂದು ಕೇಳಿದರು. ಮಾವ ತೀರಿಕೊಂಡು ಆಗ ಎರಡು ವರ್ಷ. ಯಜಮಾನರು ಸುಮ್ಮನೆ ಮೇಲೆ ನೋಡಿದರು. ಆ ಮನುಷ್ಯ ದನಿ ತಗ್ಗಿಸಿ, ಅಗಲಿದವರಿಗಾಗಿ ಎಂದು ಬಟ್ಟಲೆತ್ತಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮೂವರು ಗಂಡಸರು ಬಂದು ಮೂರು ದನಿಗಳನ್ನು ಒಂದರೊಳಗೊಂದು ಹೆಣೆದು ಹಾಡಿದರು. ಇಂಥ ಹೊತ್ತಿನಲ್ಲಿ ‘ಈ ಹಾಡಿಗೆ ಎಷ್ಟು?’ ಎಂದು ಯಾರ ಬಾಯಿಗೆ ಬಂದೀತು? ಅದು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಬಿಲ್ಲು ಪೂರ್ತಿ ಜಾರ್ಜಿಯನ್ ಲಿಪಿಯಲ್ಲಿತ್ತು. ಬೆಳಗ್ಗೆಯಷ್ಟೇ ಅತ್ತೆ ರಸ್ತೆಯ ಫಲಕಗಳನ್ನು ನೋಡಿ, ‘ಗುಂಡು ಗುಂಡಗೆ ನಮ್ಮ ಅಕ್ಷರದ ಹಾಗೆಯೇ ಇವೆಯಲ್ಲ’ ಎಂದು ಖುಷಿಪಟ್ಟಿದ್ದರು. ಈಗ ಮೂವರೂ ಅದೇ ಅಕ್ಷರಗಳನ್ನು ಪಿಳಿಪಿಳಿ ನೋಡಿದೆವು. ಮೊಬೈಲ್ ಹಿಡಿದು ಅನುವಾದಿಸಿದಾಗ ತಿಳಿಯಿತು: ನಾವು ಕೇಳಿ ತರಿಸಿದ್ದು 150 ಲಾರಿ. ಹಲಗೆಗೆ 65, ಹೂಜಿಗೆ 60, ಹಾಡಿಗೆ ತಲೆಗೆ 20ರಂತೆ 60. ಒಟ್ಟು 335ರ ಮೇಲೆ ಶೇಕಡಾ 18 ಸೇವಾ ಶುಲ್ಕ. ಅತ್ತೆ ತಟ್ಟೆಯಂಚಿನಲ್ಲಿ ಸಾಲಾಗಿ ಇಟ್ಟಿದ್ದ ಖಿಂಕಾಲಿ ಗಂಟುಗಳನ್ನು ಬೆರಳಿಟ್ಟು ಎಣಿಸಿದರು. ಹತ್ತು. ಆ ಒಂದು ಲೆಕ್ಕ ಸರಿಯಿತ್ತು.

ತಕರಾರು ಮಾಡಿದೆವು. ತಮದಾ ಮಾಯವಾಗಿ ವ್ಯಾಪಾರಿ ಬಂದು ನಿಂತರು. ಮೆನುವಿನ ಕೊನೆಯ ಪುಟದ ಅಡಿಯಲ್ಲಿ, ಜಾರ್ಜಿಯನ್ನಿನಲ್ಲಿ ಮಾತ್ರ ಅಚ್ಚಾಗಿದ್ದ ಇರುವೆಯಂಥ ಒಂದು ಸಾಲನ್ನು ತೋರಿಸಿದರು: ಹಾಡು, ಸೇವೆ ಪ್ರತ್ಯೇಕ. ಹಲಗೆ, ಹೂಜಿ? ‘ತಿಂದಿರಿ, ಕುಡಿದಿರಿ.’ ಯಜಮಾನರು ಕುಡಿದದ್ದು ಎರಡು ಗುಟುಕು. ಪೊಲೀಸರನ್ನು ಕರೆಯಬೇಕಿತ್ತು, ಅಲ್ಲಿನ ತುರ್ತು ಸಂಖ್ಯೆ 112 ಎಂದು ಆಮೇಲೆ ತಿಳಿದುಕೊಂಡೆ. ‘ಕೊಟ್ಟುಬಿಡಪ್ಪಾ, ಅಪ್ಪನ ಹೆಸರಿನಲ್ಲಿ ಎತ್ತಿದ ಬಟ್ಟಲಿಗೆ ಜಗಳ ಬೇಡ’ ಎಂದರು ಅತ್ತೆ. ಕೊಟ್ಟೆವು. ಕಾರ್ಡ್ ಯಂತ್ರ ದುಬೈಯ ದಿರ್ಹಮ್‌ನಲ್ಲೋ ಲಾರಿಯಲ್ಲೋ ಎಂದು ಕೇಳಿದರೆ ಲಾರಿಯನ್ನೇ ಒತ್ತಿ. ಸಿಟ್ಟಿನಲ್ಲಿ ನಾವು ದಿರ್ಹಮ್ ಒತ್ತಿ ಅಲ್ಲಿಯೂ ಸ್ವಲ್ಪ ಕಳೆದುಕೊಂಡೆವು.

ಮರುದಿನ ರೈಲು ನಿಲ್ದಾಣದ ಹತ್ತಿರದ ದೆಜೆರ್ತಿರ್ ಬಜಾರಿನಲ್ಲಿ ನಮ್ಮ ಕನ್ನಡ ಕೇಳಿ ಒಬ್ಬ ಹುಡುಗ ತಿರುಗಿ ನಿಂತ. ಹುಬ್ಬಳ್ಳಿಯವನು, ಅಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಕಥೆ ಕೇಳಿ, ‘ಆಂಟಿ, ಮೂರು ಮಾತು ಕಲಿಯಿರಿ’ ಎಂದ. ‘ರಾ ಘಿರ್ಸ್?’ ಅಂದರೆ ಬೆಲೆ ಎಷ್ಟು. ‘ಉಖೊರ್ತ್ಸೊ’ ಅಂದರೆ ಮಾಂಸವಿಲ್ಲದ್ದು. ಲೋಬಿಯೊಗೂ ಕೆಲವು ಕಡೆ ಹಂದಿಮಾಂಸ ಬೆರೆಸುತ್ತಾರೆ, ಕೇಳದೆ ತಿನ್ನಬೇಡಿ. ‘ಸಮಾರ್ಖ್ವೊ’ ಅಂದರೆ ಅವರ ಕ್ರೈಸ್ತ ಉಪವಾಸದ ಅಡುಗೆ: ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ.

ಅವನೇ ತೋರಿಸಿದ ನಾಲ್ಕು ಮೇಜಿನ ಅಂಗಡಿಯಲ್ಲಿ ಮಧ್ಯಾಹ್ನ ಉಂಡೆವು. ಲೋಬಿಯೊ, ಮ್ಚಾದಿ, ಬದ್ರಿಜಾನಿ, ಎಂಟು ಖಿಂಕಾಲಿ, ಎಲ್ಲ ಸೇರಿ 58 ಲಾರಿ. ಬಡಿಸುವಾಕೆ ಖಾರದ ಪ್ಲಮ್ ಚಟ್ನಿಯ ಬಟ್ಟಲೊಂದನ್ನು ತಾನಾಗಿ ತಂದಿಟ್ಟಾಗ ನಾನು ನಿನ್ನೆಯ ಪೆಟ್ಟಿನ ನೆನಪಿನಲ್ಲಿ ‘ರಾ ಘಿರ್ಸ್?’ ಎಂದೆ. ಆಕೆ ಸ್ವಲ್ಪವೂ ಬೇಸರಪಡಲಿಲ್ಲ. ‘ಅರಾ, ಅರಾ’ (ಇಲ್ಲ, ಇಲ್ಲ) ಎಂದು ನಕ್ಕು ಕೈ ಬೀಸಿ ಒಳಗೆ ಹೋದಳು. ಬಿಲ್ಲಿನಲ್ಲಿ ಆ ಬಟ್ಟಲು ಇರಲಿಲ್ಲ.

ಅಂದ ಹಾಗೆ, ನೆಲಮಾಳಿಗೆಯಿಂದ ಹೊರಡುವಾಗ ಅತ್ತೆ ಆ 65 ಲಾರಿಯ ಹಲಗೆಯಲ್ಲಿ ಒಂದು ಚೂರನ್ನೂ ಬಿಡಲಿಲ್ಲ. ಚೀಸ್, ಅಕ್ರೋಟು, ಒಂದೂವರೆ ಕೋಲು ಚುರ್ಚ್‌ಖೇಲಾ, ಎಲ್ಲವನ್ನೂ ಮಾಲೀಕರ ಕಣ್ಣೆದುರಿನಲ್ಲೇ ಕಾಗದದ ಕರವಸ್ತ್ರಗಳಲ್ಲಿ ಕಟ್ಟಿಕೊಂಡರು.