ಮೂತಿ ಕತ್ತರಿಸಿದ ಫ್ಲೈಯಿಂಗ್ ವಿಂಗ್‌ನಲ್ಲಿ ಹಳೆಯ ಸಮತೋಲದ ಅಳತೆಯನ್ನು ನಂಬಬೇಡಿ

ಕಳೆದ ಫೆಬ್ರವರಿಯ ಒಂದು ಬೆಳಗ್ಗೆ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯ ಪದವಿನಲ್ಲಿ, ನನ್ನ ರೇಡಿಯೊ ನಿಯಂತ್ರಿತ ಫ್ಲೈಯಿಂಗ್ ವಿಂಗ್ (ಬಾಲವಿಲ್ಲದ, ಬರಿಯ ರೆಕ್ಕೆಯಾಕಾರದ ಮಾದರಿ ವಿಮಾನ) ಸುಮಾರು 30 ಮೀಟರ್ ಎತ್ತರದಿಂದ ಮುರಕಲ್ಲಿನ ಮೇಲೆ ಬಿದ್ದಿತು. ಬಿದ್ದ ಏಳೆಂಟು ನಿಮಿಷಗಳ ಬಳಿಕ ಅದರ ಬ್ಯಾಟರಿ ಹೊತ್ತಿಕೊಂಡು ಹತ್ತು ಸೆಂಟ್ಸಿನಷ್ಟು ಮುಳಿಹುಲ್ಲು ಸುಟ್ಟುಹೋಯಿತು. ಪಕ್ಕದ ಗೇರುತೋಪಿಗೆ ಬೆಂಕಿ ಹಬ್ಬದೆ ಉಳಿದದ್ದು, ಅಲ್ಲಿ ಗೇರುಬೀಜ ಹೆಕ್ಕುತ್ತಿದ್ದ ಇಬ್ಬರು ಹೆಂಗಸರು ಹಸಿ ಗೆಲ್ಲುಗಳನ್ನು ಮುರಿದುಕೊಂಡು ಓಡಿಬಂದದ್ದರಿಂದ. ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ನನಗೆ ಪರಿಚಯವಿರುವ ಹಲವು ಹುಡುಗರು ಇಂತಹ ರೆಕ್ಕೆಗಳಿಗೆ ದೊಡ್ಡ ಮೋಟರ್, ಕ್ಯಾಮೆರಾ ಕೂರಿಸುತ್ತಿರುವುದರಿಂದ, ನಡೆದದ್ದನ್ನು ಅಳತೆಗಳ ಸಹಿತ ಬರೆದಿಡುತ್ತಿದ್ದೇನೆ.

ರೆಕ್ಕೆ ಇಪಿಪಿ ಎಂಬ ಹಗುರವಾದ ಫೋಮಿನದು. ತುದಿಯಿಂದ ತುದಿಗೆ 1 ಮೀಟರ್. ನಡುವಿನಲ್ಲಿ ಮುಂದಿನಿಂದ ಹಿಂದಕ್ಕೆ 300 ಮಿಲಿಮೀಟರ್ ಅಗಲ, ತುದಿಗಳಲ್ಲಿ 180. ಮುಂದಿನ ಅಂಚು ತುದಿಗೆ ಹೋಗುವಷ್ಟರಲ್ಲಿ 200 ಮಿಲಿಮೀಟರ್ ಹಿಂದಕ್ಕೆ ಸರಿದಿರುತ್ತದೆ. ಮೂತಿಯ ತುದಿಯಿಂದ 133 ಮಿಲಿಮೀಟರ್ ಹಿಂದೆ ಬೆರಳಿಟ್ಟು ಎತ್ತಿದಾಗ ತೂಗಿ ನಿಲ್ಲಬೇಕು ಎಂಬುದು ಅದರೊಂದಿಗೆ ಬಂದ ಕಾಗದದಲ್ಲಿದ್ದ ಸೂಚನೆ. ಎರಡು ವರ್ಷ ಹಾಗೆಯೇ ಹಾರಿಸಿದೆ, ತೊಂದರೆಯಾಗಲಿಲ್ಲ. ಅನಂತರ ಗಾಳಿಗೆ ಎದುರಾಗಿ ಇನ್ನಷ್ಟು ವೇಗ ಬೇಕೆನಿಸಿ, ಹಿಂಬದಿಯಲ್ಲಿದ್ದ ಮೋಟರಿನ ಬದಲು 38 ಗ್ರಾಂ ಹೆಚ್ಚು ತೂಗುವ ಮೋಟರ್ ಹಾಕಿದೆ. ದೊಡ್ಡ ಪ್ರೊಪೆಲ್ಲರ್ ಫೋಮಿಗೆ ತಾಗದಿರಲಿ ಎಂದು ಮೋಟರಿನ ಮಣೆಯನ್ನು 18 ಮಿಲಿಮೀಟರ್ ಎತ್ತರಿಸಿದೆ. ಮೂರು ಸೆಲ್‌ಗಳ 2200 ಮಿಲಿ ಆಂಪಿಯರ್ ಅವರ್ ಬ್ಯಾಟರಿ ಕೂರಿಸಿದೆ, ಅದೊಂದೇ 180 ಗ್ರಾಂ. ಕೊನೆಗೆ ಕ್ಯಾಮೆರಾಕ್ಕೆ ಸಪಾಟಾದ ಜಾಗ ಬೇಕೆಂದು ಮೂತಿಯ ತುದಿಯನ್ನು 20 ಮಿಲಿಮೀಟರ್ ಕತ್ತರಿಸಿ ತೆಗೆದೆ. ಇಡೀ ವಿಮಾನದ ತೂಕ 760 ಗ್ರಾಂ ಆಯಿತು.

ಬಾಲವಿರುವ ವಿಮಾನದಲ್ಲಿ ಗುರುತ್ವ ಕೇಂದ್ರ, ಅಂದರೆ ವಿಮಾನ ತೂಗಿ ನಿಲ್ಲುವ ಬಿಂದು, ಸ್ವಲ್ಪ ಹಿಂದೆ ಸರಿದರೂ ದೂರದಲ್ಲಿರುವ ಬಾಲದ ಹಲಗೆ ಅದನ್ನು ಸಾವರಿಸಿಕೊಳ್ಳುತ್ತದೆ. ಫ್ಲೈಯಿಂಗ್ ವಿಂಗ್‌ಗೆ ಬಾಲವೇ ಇಲ್ಲ. ಅಮೆರಿಕದ ಬಿ-2 ವಿಮಾನಕ್ಕೂ ಬಾಲವಿಲ್ಲ ಎಂದು ಕೆಲವರು ಹೇಳುವುದುಂಟು, ಆದರೆ ಅದನ್ನು ಪ್ರತಿ ಕ್ಷಣ ಹಿಡಿದಿಡುವುದು ಕಂಪ್ಯೂಟರ್. ನಮ್ಮ ಫೋಮಿನ ರೆಕ್ಕೆಯನ್ನು ಹಿಡಿದಿಡುವುದು ತೂಕ ಕೂತಿರುವ ಜಾಗ ಮಾತ್ರ. ರೆಕ್ಕೆಯ ತಟಸ್ಥ ಬಿಂದು, ಅಂದರೆ ಗುರುತ್ವ ಕೇಂದ್ರ ಅಲ್ಲಿಗೆ ಬಂದರೆ ವಿಮಾನ ತಾನಾಗಿ ನೆಟ್ಟಗಾಗುವ ಗುಣ ಇಲ್ಲವಾಗುವ ಜಾಗ, ಮುಂದಂಚಿನಿಂದ ಅದರ ಸರಾಸರಿ ಅಗಲದ ಸುಮಾರು ಶೇಕಡ 25ರಲ್ಲಿ ಇರುತ್ತದೆ, ಗುರುತ್ವ ಕೇಂದ್ರ ಅದಕ್ಕಿಂತ ಮುಂದೆ ಇರಲೇಬೇಕು. ನನ್ನ ರೆಕ್ಕೆಯಲ್ಲಿ ಲೆಕ್ಕ ಹಾಕಿದರೆ (ಅಗಲವಾದ ನಡುಭಾಗಕ್ಕೆ ಹೆಚ್ಚು ಪಾಲು ಕೊಟ್ಟು) ಸರಾಸರಿ ಅಗಲ 245 ಮಿಲಿಮೀಟರ್, ರೆಕ್ಕೆ ಹಿಂದಕ್ಕೆ ಓರೆಯಾಗಿರುವುದರಿಂದ ತಟಸ್ಥ ಬಿಂದು ಮೂಲ ಮೂತಿಯಿಂದ 153 ಮಿಲಿಮೀಟರ್ ಹಿಂದೆ. ಸರಾಸರಿ ಅಗಲದ ಶೇಕಡ 5ರಿಂದ 10ರಷ್ಟು ಅಂತರವನ್ನು ಸ್ಥಿರತೆಗಾಗಿ ಬಿಡುವುದು ವಾಡಿಕೆ. ಹಾಗೆಂದರೆ ಗುರುತ್ವ ಕೇಂದ್ರ 128 ಮತ್ತು 141 ಮಿಲಿಮೀಟರ್‌ಗಳ ನಡುವೆ ಎಲ್ಲಾದರೂ ಇರಬಹುದು. ತುದಿಯಿಂದ ತುದಿಗೆ ಒಂದು ಮೀಟರ್ ಇರುವ ವಿಮಾನದಲ್ಲಿ ನಮಗೆ ಸಿಗುವ ಅವಕಾಶ ಒಂದು ಹೆಬ್ಬೆರಳ ಅಗಲಕ್ಕಿಂತಲೂ ಕಡಿಮೆ.

ನಾನು ಮಾಡಿದ ತಪ್ಪು ಇಷ್ಟೇ: ಕತ್ತರಿಸಿದ ಮೂತಿಯ ತುದಿಯಿಂದಲೇ ಅಳೆದು 133 ಮಿಲಿಮೀಟರಿಗೆ ಪೆನ್ನಿನಿಂದ ಗೆರೆ ಎಳೆದೆ. ಆ ಗೆರೆ ನಿಜವಾಗಿ ಮೂಲ ಮೂತಿಯಿಂದ 153ರಲ್ಲಿ, ತಟಸ್ಥ ಬಿಂದುವಿನ ಮೇಲೆಯೇ ಬಿದ್ದಿತ್ತು. ಹಿಂಬದಿಗೆ ಭಾರವಾದ ಮೋಟರ್ ಹಾಕಿದ್ದರೂ ಬ್ಯಾಟರಿಯನ್ನು ಮುಂದಕ್ಕೆ ತಳ್ಳುವ ಅಗತ್ಯವೇ ಬೀಳದೆ ರೆಕ್ಕೆ ಸಮವಾಗಿ ತೂಗಿ ನಿಂತಾಗ ನನಗೆ ಅನುಮಾನ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಸಂತೋಷವಾಯಿತು. ಆ 38 ಗ್ರಾಂ ಒಂದರಿಂದಲೇ ಗುರುತ್ವ ಕೇಂದ್ರ ಸುಮಾರು 8 ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ಆಮೇಲೆ ಕಾಗದ ಹಿಡಿದು ಕೂತಾಗ ಕಂಡುಕೊಂಡೆ.

ಅಂದು ಬೆಳಗ್ಗೆ ಮೂಡುಗಾಳಿ ಮೆಲ್ಲಗೆ ಬೀಸುತ್ತಿತ್ತು. ಥ್ರಾಟಲ್ (ಮೋಟರಿನ ವೇಗ) ಕೊಟ್ಟು ಎಸೆದೆ, ಮೂತಿ ತುಸು ಕೆಳಗಾಯಿತು, ಎರಡೂ ಎಲೆವಾನ್‌ಗಳಿಗೆ (ರೆಕ್ಕೆಯ ಹಿಂದಂಚಿನ ಆಡುವ ಹಲಗೆಗಳಿಗೆ) ಸ್ವಲ್ಪ ಮೇಲ್ಮುಖ ಟ್ರಿಮ್ (ಕೈಯಲ್ಲಿನ ರೇಡಿಯೊದ ಕಡ್ಡಿ ಬಿಟ್ಟರೂ ಉಳಿಯುವ ಓರೆ) ಕೊಟ್ಟೆ, ನೆಟ್ಟಗಾಯಿತು. ಕಡ್ಡಿಯ ಸಣ್ಣ ಅಲುಗಾಟಕ್ಕೂ ರೆಕ್ಕೆ ಚುರುಕಾಗಿ ಓಗೊಡುತ್ತಿತ್ತು. ಹೊಸ ಮೋಟರಿನ ಗುಣವೆಂದು ಭಾವಿಸಿದೆ. ಎರಡು ಸುತ್ತು ಹೊಡೆದ ಮೇಲೆ, ತೇಲುವುದು ಹೇಗಿದೆ ಎಂದು ನೋಡಲು ಥ್ರಾಟಲನ್ನು ಪೂರ್ತಿ ಇಳಿಸಿದೆ. ಮೂತಿ ತಾನಾಗಿ ಮೇಲೆದ್ದಿತು. ಕೆಳಮುಖ ಕೊಟ್ಟೆ, ಒಂದು ಕ್ಷಣ ಬಗ್ಗಿ ಮತ್ತೆ ಎದ್ದಿತು, ವೇಗ ಸತ್ತು ಹಿಂದಕ್ಕೆ ಮಗುಚಿ, ಒಣಗಿದ ತೇಗದೆಲೆಯಂತೆ ಚಪ್ಪಟೆಯಾಗಿ ಸುತ್ತುತ್ತ ಇಳಿಯಿತು. ಆಮೇಲೆ ನನ್ನ ಕೈಯಲ್ಲಿದ್ದ ಯಾವ ಕಡ್ಡಿಗೂ ಅದು ಕಿವಿಗೊಡಲಿಲ್ಲ.

ನಡೆದದ್ದೇನೆಂದರೆ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಟ್ಟಿದ್ದವು. ಎತ್ತರಿಸಿದ ಮೋಟರ್ ಗುರುತ್ವ ಕೇಂದ್ರಕ್ಕಿಂತ ಮೇಲಿನಿಂದ ತಳ್ಳುವುದರಿಂದ ಅದು ಓಡುತ್ತಿರುವಷ್ಟು ಹೊತ್ತು ಮೂತಿಯನ್ನು ಕೆಳಗೆ ಒತ್ತುತ್ತದೆ. ಆ ಒತ್ತಡಕ್ಕೆ ಎದುರಾಗಿ ನಾನು ಟ್ರಿಮ್ ಕೊಟ್ಟಿದ್ದೆ. ಮೋಟರ್ ನಿಂತ ಕೂಡಲೇ ಒತ್ತಡ ಹೋಯಿತು, ಟ್ರಿಮ್ ಉಳಿಯಿತು. ಗುರುತ್ವ ಕೇಂದ್ರ ಸರಿಯಾದ ಜಾಗದಲ್ಲಿದ್ದಿದ್ದರೆ ಮೂತಿ ಸ್ವಲ್ಪ ಎದ್ದು ತಾನೇ ಇಳಿಯುತ್ತಿತ್ತು. ತಟಸ್ಥ ಬಿಂದುವಿನ ಮೇಲೆಯೇ ಇದ್ದುದರಿಂದ ಮರಳಿ ಇಳಿಸುವ ಬಲ ಯಾವುದೂ ಉಳಿದಿರಲಿಲ್ಲ. ಆದ್ದರಿಂದ ಟ್ರಿಮ್ಮಿನಿಂದ ಸಮತೋಲದ ದೋಷವನ್ನು ತಿದ್ದಲು ಹೋಗಬೇಡಿ. ಟ್ರಿಮ್ ಒಂದು ವೇಗಕ್ಕೆ, ಒಂದು ಥ್ರಾಟಲಿಗೆ ಮಾತ್ರ ಸರಿಹೊಂದುತ್ತದೆ. ಅಲುಗಾಟವನ್ನು ತಾನೇ ಗುರುತಿಸಿ ತಿದ್ದುವ ಜೈರೊ ಇದ್ದರೂ ಅಷ್ಟೇ: ಅದು ಎಲೆವಾನ್‌ಗಳನ್ನು ಬೇಗ ಬೇಗ ಆಡಿಸಿ ದೋಷವನ್ನು ಮರೆಮಾಡುತ್ತದೆ, ವೇಗ ಕುಸಿದು ಎಲೆವಾನಿನ ಮೇಲೆ ಗಾಳಿಯ ಹಿಡಿತ ತಪ್ಪಿದಾಗ ಜೈರೊವೂ ಕೈಚೆಲ್ಲುತ್ತದೆ.

ಬೆಂಕಿಯ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ರೆಕ್ಕೆ ಮುರಿದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದು. ಬಿದ್ದಲ್ಲಿಗೆ ಹೋದಾಗ ಹೊಗೆ ಇರಲಿಲ್ಲ. ಬ್ಯಾಟರಿಯ ಒಂದು ಮೂಲೆ ಕಲ್ಲಿನ ಏಣಿಗೆ ತಾಗಿ ಕಡಲೆಯಷ್ಟು ತಗ್ಗಾಗಿತ್ತು, ಪ್ಲಾಸ್ಟಿಕ್ ಹೊದಿಕೆ ಮಾತ್ರ ತುಸು ಸುಕ್ಕುಗಟ್ಟಿತ್ತು. ತಂತಿ ಬಿಡಿಸಿ ಅದನ್ನು ಪಕ್ಕದ ಹುಲ್ಲಿನ ಮೇಲಿಟ್ಟು, ಮುರಿದ ತುಂಡುಗಳನ್ನು ಆಯತೊಡಗಿದೆ. ಮೊದಲು ನೇಲ್ ಪಾಲಿಶಿನಂತಹ ಸಿಹಿ ವಾಸನೆ ಬಂತು. ತಿರುಗಿ ನೋಡುವಾಗ ಬ್ಯಾಟರಿ ದಿಂಬಿನಂತೆ ಉಬ್ಬಿತ್ತು, ಬುಸ್ಸೆಂದು ಬಿಳಿ ಹೊಗೆ ಕಾರಿ, ಮರುಕ್ಷಣ ಉರಿಯಾಯಿತು. ಫೆಬ್ರವರಿಯ ಮುಳಿಹುಲ್ಲಿಗೆ ಅಷ್ಟು ಸಾಕು. ಆ ಹೆಂಗಸರು ಗಾಳಿಯ ಮುಂಬದಿಗೆ ಹೋಗಿ ಗೆಲ್ಲಿನಿಂದ ಬಡಿಯುತ್ತ ಬೆಂಕಿಯನ್ನು ಬರಿಗಲ್ಲಿನ ಕಡೆಗೆ ಓಡಿಸಿದರು. ನಾನು ಅವರು ಹೇಳಿದಂತೆ ಮಾಡಿದೆ. ಹುಲ್ಲು ಒಬ್ಬರ ದನಗಳಿಗೆಂದು ಕಾದಿಟ್ಟದ್ದು. ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಬೆಲೆ ತೆತ್ತು ಬಂದೆ.

ಪೆಟ್ಟು ತಿಂದ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಒಳಗೊಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಲು ಸಮಯ ಹಿಡಿಯುತ್ತದೆ. ಹೊರಗೆ ಏನೂ ಕಾಣದಿದ್ದರೂ ಅದನ್ನು ಬರಿಯ ಕಲ್ಲಿನ ಮೇಲೆ, ಹುಲ್ಲಿನಿಂದ ದೂರ ಇಟ್ಟು ಕನಿಷ್ಠ ಅರ್ಧ ಗಂಟೆ ಕಣ್ಣಿಟ್ಟು ಕಾಯಿರಿ. ಕಾರಿನೊಳಗಾಗಲಿ ಚೀಲದೊಳಗಾಗಲಿ ಹಾಕಿ ಮನೆಗೆ ತರಬೇಡಿ. ಈಗ ನಾನು ಪದವಿಗೆ ಹೋಗುವಾಗ ಒಂದು ಬಕೆಟ್ ಮರಳು, ಒಂದು ಕ್ಯಾನ್ ನೀರು ಒಯ್ಯುತ್ತೇನೆ. ಮಳೆಗಾಲ ಮುಗಿದು ಹುಲ್ಲು ಹಸಿರಿರುವ ತಿಂಗಳುಗಳಲ್ಲಿ ಮಾತ್ರ ಹೊಸ ಪರೀಕ್ಷೆಗಳನ್ನು ಮಾಡುತ್ತೇನೆ.

ರೆಕ್ಕೆಯನ್ನು ಮತ್ತೆ ಅಂಟಿಸುವಾಗ ಅಳತೆಯನ್ನು ಮೂತಿಯಿಂದ ತೆಗೆಯುವುದನ್ನೇ ಬಿಟ್ಟೆ. ಹಿಂದಿನ ಅಂಚನ್ನು ನಾನು ಕತ್ತರಿಸಿರಲಿಲ್ಲ, ಆದ್ದರಿಂದ ನಡುವಿನ ಹಿಂದಂಚಿನಿಂದ 167 ಮಿಲಿಮೀಟರ್ ಮುಂದೆ ಗೆರೆ ಎಳೆದೆ. ಒಂದು ಹಲಗೆಗೆ ಅಡಕೆ ಮರದ ಎರಡು ಸಲಾಕೆಗಳನ್ನು 15 ಸೆಂಟಿಮೀಟರ್ ಅಂತರದಲ್ಲಿ ನೆಟ್ಟು, ತುದಿಗಳನ್ನು ಉಜ್ಜಿ ಗುಂಡಗೆ ಮಾಡಿ, ಅವುಗಳ ಮೇಲೆ ಗೆರೆ ಕೂರುವಂತೆ ರೆಕ್ಕೆಯನ್ನಿಟ್ಟು ತೂಗುತ್ತೇನೆ. ಬೆರಳಿನ ತುದಿಯ ಅಗಲವೇ 15 ಮಿಲಿಮೀಟರ್ ಇರುವಾಗ ಬೆರಳಿನಿಂದ ನೋಡಿದ ಸಮತೋಲಕ್ಕೆ ಅರ್ಥವಿಲ್ಲ. ಹಾರುವಾಗ ಏನೇನು ಇರುತ್ತದೆಯೋ ಅದೆಲ್ಲ, ಪ್ರೊಪೆಲ್ಲರ್ ಮತ್ತು ಕ್ಯಾಮೆರಾ ಸಹಿತ, ತೂಗುವಾಗಲೂ ಇರಬೇಕು. ಕತ್ತರಿಸಿದ ಮೂತಿಯನ್ನು ಹೊಸ ಫೋಮಿನಿಂದ ತುಂಬಿ, ಹೊಸ ಬ್ಯಾಟರಿಯನ್ನು ಮೊದಲಿಗಿಂತ 50 ಮಿಲಿಮೀಟರ್ ಮುಂದಕ್ಕೆ ಸರಿಸಿ, ಮೂತಿಯೊಳಗೆ ಮೀನಿನ ಗಾಳಕ್ಕೆ ಕಟ್ಟುವ 40 ಗ್ರಾಂ ಸೀಸ ಇಟ್ಟ ಮೇಲೆ ಗುರುತ್ವ ಕೇಂದ್ರ 134ಕ್ಕೆ ಬಂತು. ಸತ್ತ ತೂಕವನ್ನು ಹೊರುವುದು ಬೇಸರದ ಸಂಗತಿಯೇ, ಆದರೆ ಹಿಂದೆ ಭಾರ ಹಾಕಿದವರು ಮುಂದೆ ಸಾಲ ತೀರಿಸಲೇಬೇಕು. ಬ್ಯಾಟರಿ ಕೂರುವ ಜಾಗದ ಸುತ್ತ ಪೆನ್ನಿನಿಂದ ಚೌಕ ಬರೆದಿದ್ದೇನೆ, ಅದು ಜಾರದಂತೆ ಪಟ್ಟಿಯನ್ನೂ ಬಿಗಿದಿದ್ದೇನೆ.

ಎಡಬಲದ ಸಮತೋಲವನ್ನು ಮೂತಿಗೂ ಮೋಟರಿನ ದಂಡಕ್ಕೂ ದಾರ ಕಟ್ಟಿ ತೂಗುಹಾಕಿ ನೋಡಬಹುದು. ನನ್ನದರಲ್ಲಿ ರಿಪೇರಿಯ ಅಂಟು ಹೆಚ್ಚಾಗಿ ಎಡಗಡೆ ಭಾರವಾಗಿತ್ತು, ಬಲತುದಿಗೆ 4 ಗ್ರಾಂ ಸೇರಿಸಿದೆ. ಬಿಸಿ ಅಂಟಿನಿಂದ ಕೂರಿಸಿದ ಸರ್ವೊಗಳನ್ನು (ಎಲೆವಾನ್ ಆಡಿಸುವ ಪುಟ್ಟ ಮೋಟರುಗಳನ್ನು) ಮುಟ್ಟಿ ಅಲುಗಾಡಿಸಿ ನೋಡಿರಿ. ಮಧ್ಯಾಹ್ನದ ಬಿಸಿಲಲ್ಲಿ ಮುಚ್ಚಿಟ್ಟ ಕಾರಿನೊಳಗೆ ಆ ಅಂಟು ಮೆತ್ತಗಾಗುತ್ತದೆ, ಸರ್ವೊ ಒಂದು ಕೂದಲೆಳೆ ಸರಿದರೂ ಟ್ರಿಮ್ ಕೆಡುತ್ತದೆ.

ಮೋಟರಿನ ಮಣೆಯನ್ನು ಸಾಧ್ಯವಾದಷ್ಟು ತಗ್ಗಿಸಿ, ಪ್ರೊಪೆಲ್ಲರ್ ಇರುವ ತುದಿ ಕೆಲವೇ ಡಿಗ್ರಿ ಮೇಲಕ್ಕೆ ನೋಡುವಂತೆ ಓರೆ ಮಾಡಿದೆ. ಹಾಗೆ ಮಾಡಿದರೆ ತಳ್ಳುವ ರೇಖೆ ಗುರುತ್ವ ಕೇಂದ್ರಕ್ಕೆ ಹತ್ತಿರವಾಗುತ್ತದೆ. ಎಲೆವಾನ್‌ಗಳನ್ನು ಮೊದಲೇ ಎರಡೂ ಕಡೆ ಸಮನಾಗಿ 3 ಮಿಲಿಮೀಟರ್ ಮೇಲಕ್ಕೆ ನಿಲ್ಲಿಸಿದೆ. ಟ್ರಿಮ್ ಮಾಡುತ್ತ ಹೋದಂತೆ ಎಲೆವಾನ್‌ಗಳು ರೆಕ್ಕೆಗೆ ಸಮತಟ್ಟಾಗಿ ಅಥವಾ ಕೆಳಮುಖವಾಗಿ ನಿಂತುಬಿಟ್ಟರೆ ಗುರುತ್ವ ಕೇಂದ್ರ ಹಿಂದೆ ಇದೆಯೆಂದೇ ತಿಳಿಯಿರಿ. ಮೊದಲ ಎಸೆತ ಮೋಟರಿಲ್ಲದೆ, ಕೊಯ್ಲು ಮುಗಿದ ಗದ್ದೆಯಲ್ಲಿ, ಗಾಳಿಗೆ ಎದುರಾಗಿ, ಭುಜದ ಎತ್ತರದಿಂದ ನೆಟ್ಟಗೆ. ಮೋಟರ್ ಹಾಕಿ ಎಸೆಯುವಾಗ ಕೈ ಪ್ರೊಪೆಲ್ಲರಿನಿಂದ ದಾಟಿದ ಮೇಲೆಯೇ ಥ್ರಾಟಲ್ ಕೊಡಿರಿ.

ದುರಸ್ತಿಯ ಬಳಿಕದ ಮೊದಲ ಹಾರಾಟವನ್ನು ಅಕ್ಟೋಬರದಲ್ಲಿ ಅದೇ ಪದವಿನಲ್ಲಿ ಮಾಡಿದೆ. 60 ಮೀಟರ್ ಎತ್ತರದಲ್ಲಿ ಥ್ರಾಟಲ್ ಇಳಿಸಿದಾಗ ಮೂತಿ ಒಂದಿಷ್ಟು ಬಗ್ಗಿ, ವೇಗ ಹಿಡಿದು, ತಾನಾಗಿ ನೆಟ್ಟಗಾಗಿ ತೇಲಿತು. ಬದಿಯಡ್ಕದ ಆಸುಪಾಸಿನಲ್ಲಿ ಯಾರಾದರೂ ರೆಕ್ಕೆಯನ್ನು ಮಾರ್ಪಡಿಸಿದ್ದರೆ ಎಸೆಯುವ ಮೊದಲು ನಮ್ಮಲ್ಲಿಗೆ ತನ್ನಿರಿ. ಅಡಕೆ ಸಲಾಕೆಯ ತೂಗುಮಣೆ ಜಗಲಿಯಲ್ಲಿಯೇ ಇದೆ, ತೂಗಿ ನೋಡಲು ಹತ್ತು ನಿಮಿಷ ಸಾಕು.