ಕಂಪನಿ ಸರ್ವಿಸಾ, ಭಾಯ್ ಗ್ಯಾರೇಜಾ?

ನನ್ನದು 2018ರ ಕಾರು. 1200 ಸಿಸಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಎ-14 ನಂಬರು. ಮೊದಲ ನಾಲ್ಕು ವರ್ಷ ಕಂಪನಿ ಸರ್ವಿಸ್ ಸೆಂಟರ್ ಬಿಟ್ಟು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಆಮೇಲೆ ಹೆಚ್ಚುಕಮ್ಮಿ ಎಲ್ಲ ಕೆಲಸವೂ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿರುವ, ಭಾಯ್ ಅನ್ನುವ ಮೆಕ್ಯಾನಿಕ್‌ನ ಒಂದು ಸಣ್ಣ ಗ್ಯಾರೇಜಿನಲ್ಲಿ. ಮಧ್ಯೆ ಒಂದು ಸಲ ಬೆಂಗಳೂರಿನಲ್ಲಿ ಆ್ಯಪ್‌ನಲ್ಲಿ ಬುಕ್ ಮಾಡಿಯೂ ನೋಡಿದ್ದೇನೆ. ಈಗ ಮೀಟರು 78,000 ದಾಟಿದೆ.

"ವಾರಂಟಿ ಮುಗೀತು, ಇನ್ನು ಹೊರಗಡೆ ಮಾಡಿಸಿದ್ರೆ ನಡೆಯುತ್ತಾ?" ಅಂತ ಕೇಳುವವರು ಆಫೀಸಿನಲ್ಲಿ ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡೋಕೆ ಆಗಲ್ಲ. ಎರಡೂ ಕಡೆ ನಾನು ದುಡ್ಡು ಕಟ್ಟಿದ್ದೇನೆ, ಎರಡೂ ಕಡೆ ಬೇಜಾರೂ ಮಾಡಿಕೊಂಡಿದ್ದೇನೆ.

ಸೆಂಟರಿನಿಂದ ಶುರು ಮಾಡುತ್ತೇನೆ. ಗಾಜಿನ ಬಾಗಿಲು, ಎಸಿ, ಕಾಫಿ ಮಷಿನ್, ಗೋಡೆಯ ಟಿವಿಯಲ್ಲಿ ಸದ್ದಿಲ್ಲದೆ ಓಡುವ ನ್ಯೂಸ್. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಸಂಜೆ ಐದಕ್ಕೆ ಫೋನು. ಮೊದಲ ಮೂರು ಸರ್ವಿಸ್ ಉಚಿತ ಅಂತ ಹೇಳುತ್ತಾರಲ್ಲ, ಅದರಲ್ಲಿ ಲೇಬರ್ ಮಾತ್ರ ಉಚಿತ. ಆಯಿಲ್, ಫಿಲ್ಟರ್ ದುಡ್ಡು ನಮ್ಮದೇ. ಇದು ಗೊತ್ತಿಲ್ಲದೆ ಮೊದಲ ವರ್ಷ ಖಾಲಿ ಜೇಬಿನಲ್ಲಿ ಹೋಗಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದೆ.

30,000 ಕಿಲೋಮೀಟರ್ ಸರ್ವಿಸಿಗೆ ಹೋದಾಗ ಅಡ್ವೈಸರ್ ಟ್ಯಾಬ್ ಒತ್ತುತ್ತಾ ಎಸ್ಟಿಮೇಟ್ ಹೇಳಿದರು: 8,640 ರೂಪಾಯಿ. ಒಂದೊಂದೇ ಓದಿ ಅಂದೆ. ಇಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಟೆಂಟ್, ಒಳಗಡೆ ಪಾಲಿಶ್, ಕಾರಿನ ಅಡಿಭಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್. ಗ್ಲೌಬಾಕ್ಸಿನಿಂದ ಓನರ್ಸ್ ಮ್ಯಾನುಯಲ್ ತೆಗೆದು, ಹಿಂದಿನ ಪುಟಗಳಲ್ಲಿರುವ ಸರ್ವಿಸ್ ಚಾರ್ಟ್ ತೋರಿಸಿ, "ಇದರಲ್ಲಿ ಇವು ಎಲ್ಲಿವೆ?" ಅಂತ ಕೇಳಿದೆ. ಅವರು ಜಗಳಕ್ಕೆ ಬರಲಿಲ್ಲ. ನಕ್ಕರು. "ಅದೆಲ್ಲ ಆಪ್ಷನಲ್ ಸರ್" ಅಂತ ಒಂದೊಂದಾಗಿ ತೆಗೆದರು. ಬಿಲ್ಲು 5,150ಕ್ಕೆ ಇಳಿಯಿತು. ಅವರ ತಪ್ಪೇನಿಲ್ಲ ಬಿಡಿ, ಅವರಿಗೂ ತಿಂಗಳ ಟಾರ್ಗೆಟ್ ಇರುತ್ತೆ. ಆದರೆ ಆ ಸಾಲುಗಳನ್ನು ಓದದೆ ಸಹಿ ಹಾಕಿದ್ದರೆ ಮೂರೂವರೆ ಸಾವಿರ ಸುಮ್ನೆ ಹೋಗುತ್ತಿತ್ತು.

ನನಗೆ ನಿಜವಾಗಿ ಬೇಸರ ತಂದಿದ್ದು ಬಿಲ್ಲಲ್ಲ. ಅಲ್ಲಿ ನಮ್ಮ ಹತ್ತಿರ ಮಾತಾಡುವವರು ಒಬ್ಬರು, ಕಾರು ಮುಟ್ಟುವವರು ಇನ್ನೊಬ್ಬರು. ಇಬ್ಬರ ಮಧ್ಯೆ ಒಂದು ಜಾಬ್ ಕಾರ್ಡ್. "ಎಡಗಡೆ ಮುಂದಿನ ಚಕ್ರದ ಹತ್ತಿರ, ಸಣ್ಣ ಸಣ್ಣ ಗುಂಡಿಗೆ ಮಾತ್ರ ಟಕ್ ಟಕ್ ಅನ್ನುತ್ತೆ, ದೊಡ್ಡ ಹಂಪ್ ಹತ್ತಿಸಿದರೆ ಏನೂ ಇಲ್ಲ" ಅಂತ ಎರಡು ನಿಮಿಷ ವಿವರಿಸಿದ್ದೆ. ಕಾರ್ಡ್ ನೋಡಿದರೆ "ಫ್ರಂಟ್ ನಾಯ್ಸ್" ಅಂತ ಎರಡೇ ಪದ. ಸಂಜೆ ಫೋನ್ ಬಂತು: ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಎರಡೂ ಲೋವರ್ ಆರ್ಮ್ ಬದಲಾಯಿಸಬೇಕು, 14,000 ಆಗುತ್ತೆ. ಯೋಚನೆ ಮಾಡಿ ಹೇಳುತ್ತೇನೆ ಅಂತ ಕಾರು ವಾಪಸ್ ತಂದೆ.

ಭಾಯ್ ಗ್ಯಾರೇಜಿಗೆ ಮೊದಲು ಹೋಗಿದ್ದು ಆ ಟಕ್ ಟಕ್ ಹೊತ್ತುಕೊಂಡೇ. ತಗಡಿನ ಶೀಟು, ನೆಲ ಪೂರ್ತಿ ಆಯಿಲ್ ಕುಡಿದು ಕಪ್ಪಾಗಿದೆ, ಕೂರೋಕೆ ಒಂದು ಹಳೇ ಓಮ್ನಿಯ ಸೀಟು. ಭಾಯ್ ಏನೂ ಬರೆದುಕೊಳ್ಳಲಿಲ್ಲ. "ನೀವೇ ಓಡ್ಸಿ ಸಾರ್" ಅಂತ ಪಕ್ಕದಲ್ಲಿ ಕೂತರು. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಕಾಂಪ್ಲೆಕ್ಸಿನ ಕಿತ್ತುಹೋದ ರಸ್ತೆಯಲ್ಲಿ ಎರಡು ಸುತ್ತು. ವಾಪಸ್ ಬಂದು ಜಾಕ್ ಕೊಟ್ಟು, ಚಕ್ರದ ಹಿಂದೆ ಕೈ ಹಾಕಿ, ಒಂದು ಸಣ್ಣ ರಾಡನ್ನು ಅಲ್ಲಾಡಿಸಿದರು. ಅದೇ ಸದ್ದು! "ಏನಿಲ್ಲ, ಲಿಂಕ್ ರಾಡ್ ಹೋಗಿದೆ ಅಷ್ಟೇ. ಕೈ ಇಡಿ, ನೋಡಿ." ಕೈ ಇಟ್ಟೆ. ಅದರ ತುದಿಯ ಬಾಲ್ ಜಾಯಿಂಟ್ ಅಲ್ಲಾಡುವ ಹಲ್ಲಿನ ಥರ ಕಟ ಕಟ ಅನ್ನುತ್ತಿತ್ತು. ಎರಡೂ ಕಡೆಯ ಲಿಂಕ್ ರಾಡ್, ಕೂಲಿ ಎಲ್ಲಾ ಸೇರಿ 1,700. ಮುಕ್ಕಾಲು ಗಂಟೆ. ಶಾಕ್ ಅಬ್ಸಾರ್ಬರ್ ಇವತ್ತಿಗೂ ಹಳೆಯವೇ ಇವೆ.

ಅವತ್ತೇ ನಾನು ಗ್ಯಾರೇಜ್ ಪಾರ್ಟಿ ಸೇರಿದೆ.

ಪಾರ್ಟ್ಸ್ ವಿಷಯದಲ್ಲಿ ಭಾಯ್ ಹೇಳಿಕೊಟ್ಟ ಕ್ರಮ ಇವತ್ತಿಗೂ ಪಾಲಿಸುತ್ತೇನೆ. "ನಾನು ತಂದ್ರೆ ನಿಮಗೆ ಡೌಟು, ನೀವೇ ತನ್ನಿ" ಅಂದುಬಿಟ್ಟರು. ಕಂಪನಿ ಪ್ಯಾಕಿನ ಪಾರ್ಟ್ ಸ್ಪೇರ್ ಅಂಗಡಿಯಲ್ಲೂ ಸಿಗುತ್ತೆ, ಡಬ್ಬಿ ಮೇಲೆ ಎಂಆರ್‌ಪಿ ಇರುತ್ತೆ, ಪರಿಚಯ ಆದ ಮೇಲೆ ಅದರಲ್ಲೂ ಸ್ವಲ್ಪ ಬಿಡುತ್ತಾರೆ. ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್, ಫ್ಯಾನ್ ಬೆಲ್ಟ್ ಈ ಮೂರರಲ್ಲಿ ಲೋಕಲ್ ಮಾಲು ಮುಟ್ಟುವುದಿಲ್ಲ. ವೈಪರ್ ಬ್ಲೇಡು, ಫ್ಲೋರ್ ಮ್ಯಾಟು ಯಾವುದಾದರೇನು. ನನ್ನ ಇಂಜಿನ್ನಿಗೆ ಮೂರು ಲೀಟರ್ ಚಿಲ್ಲರೆ ಆಯಿಲ್ ಬೇಕು. ಮೂರೂವರೆ ಲೀಟರ್ ಡಬ್ಬಿ ತಂದರೆ ಉಳಿದಿದ್ದು ನಮ್ಮದೇ. ನಮ್ಮ ಮನೆ ಗೇಟಿನ ಕೀಲು ಈಗ ಸದ್ದು ಮಾಡುವುದೇ ಇಲ್ಲ. ಒಂದು ಸಾಧಾರಣ ಸರ್ವಿಸಿಗೆ ಆಯಿಲ್, ಫಿಲ್ಟರ್, ಕೂಲಿ ಎಲ್ಲಾ ಸೇರಿ 2,600 ಆಸುಪಾಸು. ಅಷ್ಟೇ ಕೆಲಸಕ್ಕೆ ಸೆಂಟರಿನಲ್ಲಿ 5,000 ದಾಟುತ್ತೆ. ಲೇಬರ್ ಜಾಸ್ತಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ.

ಇಷ್ಟು ಓದಿ ನಾಳೆಯೇ ಗ್ಯಾರೇಜಿಗೆ ಹೊರಡಬೇಡಿ. ಆಗುಂಬೆ ಕಥೆ ಕೇಳಿ ಆಮೇಲೆ ಹೊರಡಿ.

ಗ್ಯಾರೇಜಿಗೆ ಬಂದು ಎರಡನೇ ವರ್ಷ. ಅಮ್ಮ, ಹೆಂಡತಿ, ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಉಡುಪಿಗೆ ಹೊರಟಿದ್ದೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಎರಡನೇ ಗೇರಿನಲ್ಲಿ ಇಳಿಯಬೇಕಾದ ಕಡೆ ಮೂರರಲ್ಲಿ ಇಳಿಸಿದ್ದು ನನ್ನ ತಪ್ಪು. ಮುಂದೆ ಒಂದು ಟೆಂಪೊ ಟ್ರಾವೆಲರ್, ಹೀಗಾಗಿ ಕಾಲು ಬ್ರೇಕಿನ ಮೇಲೇ. ಹತ್ತನೇ ತಿರುವಿನ ಹತ್ತಿರ ಪೆಡಲ್ ಎಂದಿಗಿಂತ ಕೆಳಗೆ ಹೋಯಿತು. ಹಲಸಿನ ತೊಳೆ ಒತ್ತಿದ ಹಾಗೆ, ಮೆತ್ತಗೆ. ಸುಟ್ಟ ವಾಸನೆ. ಮೊದಲ ಗೇರಿಗೆ ಎಳೆದು, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪ ಎತ್ತುತ್ತಾ ಅಗಲವಿದ್ದ ಕಡೆ ನಿಲ್ಲಿಸಿದೆ. "ಏನಾಯ್ತೋ?" ಅಂದರು ಅಮ್ಮ. ಏನಿಲ್ಲಮ್ಮ, ಕೋತಿ ನೋಡೋಣ ಅಂತ ಅಂದೆ. ಅರ್ಧ ಗಂಟೆ ಕೋತಿ ನೋಡಿದೆವು. ತಣ್ಣಗಾದ ಮೇಲೆ ಪೆಡಲ್ ಸರಿಹೋಯಿತು.

ಆಗಿದ್ದೇನು ಅಂದರೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3 ಗ್ರೇಡಿನ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಘಾಟಿಯಲ್ಲಿ ಬ್ರೇಕ್ ಕಾದಾಗ ಒಳಗೆ ಆವಿಯ ಗುಳ್ಳೆ ಏಳುತ್ತೆ. ಆಯಿಲ್ ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತೆ. ಹಾಗಾಗಿ ಕಾಲು ಎಷ್ಟು ಒತ್ತಿದರೂ ಒತ್ತಡ ಚಕ್ರಕ್ಕೆ ಮುಟ್ಟಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅನ್ನುವುದು. ಮಲೆನಾಡಿನ ಮಳೆಗಂತೂ ಇದು ತಪ್ಪಬಾರದು. ಸೆಂಟರಿನಲ್ಲಿ ಇದ್ದಷ್ಟು ದಿನ ಕಂಪ್ಯೂಟರ್ ತಾನಾಗಿ ನೆನಪಿಸಿ ಬದಲಾಯಿಸಿತ್ತು. ಭಾಯ್ ಹತ್ತಿರ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರಿಗೆ ಬಂದು ತೆಗೆಸಿದರೆ ಕಷಾಯದ ಬಣ್ಣ. "ಓಡ್ತಾ ಇತ್ತಲ್ಲ ಸಾರ್" ಅಂದರು. ಖರ್ಚು ಬರೀ 700.

ಈ ಇಡೀ ಹೋಲಿಕೆಯಲ್ಲಿ ನನಗೆ ಕಂಡ ಸತ್ಯ ಇದೇ. ಸೆಂಟರಿನವರು ಬೇಡದ್ದನ್ನೂ ಮಾರುತ್ತಾರೆ, ಆದರೆ ಬೇಕಾದ್ದನ್ನು ಮರೆಯುವುದಿಲ್ಲ. ಭಾಯ್ ಬೇಡದ್ದನ್ನು ಯಾವತ್ತೂ ಮಾರಿಲ್ಲ, ಬೇಕಾದ್ದನ್ನು ನೆನಪಿಸಿಯೂ ಇಲ್ಲ. ಗ್ಯಾರೇಜಿಗೆ ಹೋಗುವವನು ಆ ಮ್ಯಾನುಯಲ್ಲಿನ ಚಾರ್ಟನ್ನು ತಾನೇ ಓದಿಕೊಂಡಿರಬೇಕು. ಓದುವ ತಾಳ್ಮೆ ಇಲ್ಲದಿದ್ದರೆ ಆ ಎರಡೂವರೆ ಸಾವಿರ ಜಾಸ್ತಿ ಕೊಟ್ಟು ಸೆಂಟರಿಗೇ ಹೋಗುವುದು ವಾಸಿ.

ಇನ್ನೊಂದು ಆಯಿಲ್ ವಿಷಯ. ಒಂದು ಸಲ ನಾನಿಲ್ಲದಾಗ ಭಾಯ್ ಗ್ಯಾರೇಜಿನ ಹುಡುಗ 20 ಡಬ್ಲ್ಯು 40 ಅನ್ನುವ ದಪ್ಪ ಆಯಿಲ್ ಹಾಕೋಕೆ ಹೊರಟಿದ್ದ. "ದಪ್ಪ ಇದ್ರೆ ಇಂಜಿನ್ ಗಟ್ಟಿ" ಅನ್ನುವುದು ಹಳೇ ಅಂಬಾಸಡರ್ ಕಾಲದ ನಂಬಿಕೆ. ಈಗಿನ ಪೆಟ್ರೋಲ್ ಇಂಜಿನ್‌ಗೆ ತೆಳು ಆಯಿಲ್ ಬೇಕು. ಮ್ಯಾನುಯಲ್ಲಿನಲ್ಲಿ ಯಾವ ಗ್ರೇಡ್ ಇದೆಯೋ ಅದೇ.

ಕರೆಂಟಿನ ಕೆಲಸದಲ್ಲಿ ಸೆಂಟರ್ ಗೆದ್ದಿತು. ಮಳೆಗಾಲದಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ದೀಪ ಹತ್ತಿಕೊಂಡಿತು. ಭಾಯ್ ಬ್ಯಾಟರಿ ವೈರ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕಿದರು. ದೀಪ ಆರಿತು. ಎರಡೇ ದಿನಕ್ಕೆ ಮತ್ತೆ ಹತ್ತಿತು. ಸೆಂಟರಿನಲ್ಲಿ ಸ್ಕ್ಯಾನರ್ ಸಿಕ್ಕಿಸಿದ ತಕ್ಷಣ ಹಿಂದಿನ ಎಡ ಚಕ್ರದ ಸೆನ್ಸರ್ ಅಂತ ತೋರಿಸಿತು. ಬಗ್ಗಿ ನೋಡಿದರೆ ಇಲಿ ವೈರ್ ಕಡಿದಿತ್ತು. ಏರ್‌ಬ್ಯಾಗ್, ಎಬಿಎಸ್, ಕೀ ಕೋಡಿಂಗ್ ಇಂಥದ್ದಕ್ಕೆ ನಾನು ಈಗ ನೇರ ಅಲ್ಲಿಗೇ ಹೋಗುತ್ತೇನೆ.

ಇನ್ಶೂರೆನ್ಸ್ ಲೆಕ್ಕವೂ ಸ್ವಲ್ಪ ತಲೆ ತಿನ್ನುತ್ತೆ. ಗಾಂಧಿ ಬಜಾರಿನಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಬಂಪರ್ ಕಂಬಕ್ಕೆ ತಾಗಿ ಸೀಳಿತು. ಸೆಂಟರಿನಲ್ಲಿ "ಕ್ಲೇಮ್ ಮಾಡಿ ಹೊಸದೇ ಹಾಕೋಣ ಸರ್" ಅಂದರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆ ವರ್ಷ ನನ್ನದು ಝೀರೊ ಡೆಪ್ ಇಲ್ಲದ ಪಾಲಿಸಿ, ಅಂದರೆ ಪಾರ್ಟ್ ಹಳೆಯದು ಅಂತ ಕ್ಲೇಮಿನಲ್ಲಿ ದುಡ್ಡು ಕಡಿತ ಮಾಡುವಂಥದ್ದು. ಪ್ಲಾಸ್ಟಿಕ್ ಭಾಗಕ್ಕೆ 50 ಪರ್ಸೆಂಟ್ ಕಡಿತ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1,000 ರೂಪಾಯಿ. ಎಲ್ಲಕ್ಕಿಂತ ಹೆಚ್ಚಾಗಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಒಂದು ವರ್ಷಕ್ಕೆ 20, ಆಮೇಲೆ 25, 35, 45, ಕೊನೆಗೆ 50 ಪರ್ಸೆಂಟ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಒಂದು ಕ್ಲೇಮ್ ಮಾಡಿದರೆ ಸೀದಾ ಸೊನ್ನೆ. ಭಾಯ್ ಪಕ್ಕದಲ್ಲಿ ಬಾಡಿ ಕೆಲಸ ಮಾಡುವ ಟಿಂಕರ್ ಆ ಸೀಳನ್ನು ಬಿಸಿ ಮಾಡಿ ಕೂಡಿಸಿ, ಬಣ್ಣ ಹೊಡೆದು 2,800 ತಗೊಂಡ. ಬಿಸಿಲಲ್ಲಿ ಹತ್ತಿರದಿಂದ ನೋಡಿದರೆ ಬಣ್ಣ ಒಂದು ಚೂರು ಬೇರೆ. ನನಗೆ ನಡೆಯುತ್ತೆ.

ಅದೇ, ಮರುವರ್ಷ ಆಯನೂರಿನ ಹತ್ತಿರ ರಾತ್ರಿ ಎಮ್ಮೆ ಅಡ್ಡ ಬಂದಾಗ ಗ್ಯಾರೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಬಾನೆಟ್, ರೇಡಿಯೇಟರ್, ಹೆಡ್‌ಲೈಟ್ ಎಲ್ಲಾ ಹೋಗಿತ್ತು. ಆಗ ಝೀರೊ ಡೆಪ್ ಇತ್ತು. ಸರ್ವೇಯರ್ ಬರೋದು, ಫೋಟೊ, ಕಾಗದ ಎಲ್ಲಾ ಸೆಂಟರಿನವರೇ ನೋಡಿಕೊಂಡರು. ಬಿಲ್ಲು 68,000. ನನ್ನ ಕೈಯಿಂದ ಹೋಗಿದ್ದು ಎರಡು ಸಾವಿರ ಚಿಲ್ಲರೆ. ಪಾರ್ಟ್ ಬರೋಕೆ 19 ದಿನ ಕಾಯಿಸಿದರು, ಅದೊಂದು ಬಿಟ್ಟರೆ ದೂರಿಲ್ಲ. (ಎಮ್ಮೆ ಎದ್ದು ಹೋಯಿತು. ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ.)

ಆ್ಯಪ್ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ತಮ್ಮನ ಮನೆಯಲ್ಲಿ ಕಾರು ಎರಡು ತಿಂಗಳು ಇದ್ದಾಗ 2,999ರ ಪ್ಯಾಕೇಜ್ ಬುಕ್ ಮಾಡಿದೆ. ಮನೆ ಬಾಗಿಲಿಗೆ ಬಂದು ಒಯ್ದರು. ಮಧ್ಯಾಹ್ನ ಫೋನ್ ಮೇಲೆ ಫೋನು, ಬಿಲ್ಲು 4,400 ಆಯಿತು. ತಮ್ಮ ಸಂಜೆ ವಾಕಿಂಗ್ ಹೋದವನು ನಮ್ಮ ಕಾರನ್ನು ಅವನ ಲೇಔಟಿನ ಮೂಲೆಯ ಗ್ಯಾರೇಜಿನಲ್ಲೇ ನೋಡಿ ಬಂದ. ನಾವೇ ಬಿಟ್ಟಿದ್ದರೆ ಆಗುತ್ತಿತ್ತು. ತೊಳೆದಿದ್ದು ಮಾತ್ರ ಚೆನ್ನಾಗಿತ್ತು.

ವಾರಂಟಿ ಇರುವವರೆಗೆ ಹೊರಗೆ ಹೋಗಬೇಡಿ ಅಂತ ನಾನು ಹೇಳುವುದಕ್ಕೆ ಕಾರಣ ಕಾಗದ. ಸರ್ವಿಸ್ ತಪ್ಪಿಸಿದ್ದು ದಾಖಲೆಯಲ್ಲಿ ಕಂಡರೆ ವಾರಂಟಿ ಕೇಳುವಾಗ ತಕರಾರು ಬರುತ್ತೆ. ನಾಳೆ ಮಾರುವಾಗಲೂ ಅಷ್ಟೆ. ಕೊಳ್ಳುವವನು ಸೆಂಟರಿನಲ್ಲಿ ಹಿಸ್ಟರಿ ತೆಗೆಸಿದರೆ ನನ್ನ ಕಾರು ನಾಲ್ಕನೇ ವರ್ಷಕ್ಕೆ ಮಾಯವಾದ ಹಾಗೆ ಕಾಣುತ್ತೆ. ಭಾಯ್ ಬಿಲ್ಲು ಬರೆಯುವುದು ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ. ಮೊತ್ತ ಇರುತ್ತೆ, ತಾರೀಕು ಇರಲ್ಲ. ಈಗ ನಾನೇ ತಾರೀಕು, ಕಿಲೋಮೀಟರು ಹಾಕಿ, ಸ್ಪೇರ್ ಅಂಗಡಿಯ ಬಿಲ್ ಜೊತೆ ಪಿನ್ ಹೊಡೆದು ಒಂದು ಫೈಲಿನಲ್ಲಿ ಇಡುತ್ತಿದ್ದೇನೆ. ಹಳೇ ಪಾರ್ಟನ್ನು ಎರಡೂ ಕಡೆ ಕೇಳಿ ತಗೊಳ್ಳುತ್ತೇನೆ. ಬದಲಾಯಿಸಿದ್ದು ನಿಜವೋ ಅಲ್ಲವೋ ಅಂತ ತಿಳಿಯೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಸದ್ಯಕ್ಕೆ ಕ್ಲಚ್ ಗಟ್ಟಿಯಾಗಿದೆ, ಏರಿನಲ್ಲಿ ಇಂಜಿನ್ ಕೂಗಿದಷ್ಟು ಗಾಡಿ ಎಳೆಯುತ್ತಿಲ್ಲ. ಸೆಂಟರಿನಲ್ಲಿ ಈಗಲೇ ಬದಲಾಯಿಸಿ ಅಂದರು, 11,500. ಭಾಯ್ ನಾಲ್ಕನೇ ಗೇರಿನಲ್ಲಿ ಒಂದು ರೌಂಡ್ ಹೊಡೆದು ಬಂದು, "ದೀಪಾವಳಿವರೆಗೆ ಓಡುತ್ತೆ ಸಾರ್" ಅಂದರು. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಶೃಂಗೇರಿಗೆ ಹೋಗಬೇಕು. ಕ್ಲಚ್ ಸೆಟ್ಟಿನ ಡಬ್ಬಿ ನಿನ್ನೆಯೇ ತಂದು ಡಿಕ್ಕಿಯಲ್ಲಿ ಇಟ್ಟಿದ್ದೇನೆ.