ನಕಲಿ, ಹೊಸದು, ಹಳೇದು: ಒಂದೇ ಆಟಕ್ಕೆ ನಾನು ಪಟ್ಟ ಪಾಡು

ಮೊದಲೇ ಹೇಳಿಬಿಡುತ್ತೇನೆ, ಬೋರ್ಡ್ ಗೇಮ್ ಕೊಳ್ಳುವುದಾದರೆ ನನ್ನ ವೋಟು ಸೆಕೆಂಡ್ ಹ್ಯಾಂಡ್ ಡಬ್ಬಿಗೆ. ₹700 ನೀರಿಗೆ ಹಾಕಿದ ಮೇಲೆ ಬಂದ ಬುದ್ಧಿ ಇದು.

ಆಟದ ಹೆಸರು ಕಾರ್ಕಾಸೋನ್. 2000ದಲ್ಲಿ ಜರ್ಮನಿಯಲ್ಲಿ ಬಂದದ್ದು, ಹೆಸರು ಫ್ರಾನ್ಸಿನ ಒಂದು ಕೋಟೆ ಊರಿನದು. 72 ಚೌಕ ಬಿಲ್ಲೆ. ಸರದಿಯಂತೆ ಒಂದೊಂದು ಎತ್ತಿ ಪಕ್ಕಪಕ್ಕ ಜೋಡಿಸುತ್ತಾ ಹೋದರೆ ದಾರಿ, ಕೋಟೆ, ಹೊಲ ಬೆಳೆಯುತ್ತವೆ. ನವನಗರದ ಗೆಳೆಯನ ಮನೆಯಲ್ಲಿ ಒಂದು ಸಂಜೆ ಆಡಿ ಹುಚ್ಚು ಹಿಡಿಯಿತು. ಹೊಸದರ ಬೆಲೆ ನೋಡಿದರೆ ₹2,900. ನಾನು ಆಟಕ್ಕೆ ಅಂತ ತೆಗೆದಿಡುವುದು ಮೂರು ತಿಂಗಳಿಗೆ ₹1,500. ಹಾಗಾಗಿ ಆನ್‌ಲೈನಿನಲ್ಲಿ ₹700ಕ್ಕೆ ಕಂಡ ನಕಲಿಗೆ ಕೈ ಹಾಕಿದೆ.

ಚಿತ್ರ ಚೆನ್ನಾಗಿಯೇ ಇತ್ತು. ಕೈಕೊಟ್ಟಿದ್ದು ಕತ್ತರಿಸಿದ ರೀತಿ. ಒಂದು ಬಿಲ್ಲೆ 45 ಮಿಲಿಮೀಟರ್, ಇನ್ನೊಂದು 44, ಮತ್ತೊಂದರ ಮೂಲೆ ಸೊಟ್ಟ. ಒಂದು ಮಿಲಿಮೀಟರ್ ತಾನೇ ಅಂದುಕೊಂಡೆ. ಮೊದಲ ಹತ್ತು ಬಿಲ್ಲೆಯವರೆಗೆ ಏನೂ ಆಗಲಿಲ್ಲ. ಇಪ್ಪತ್ತು ದಾಟಿದ ಮೇಲೆ ಸಾಲು ವಾಲತೊಡಗಿತು.

ಈ ಆಟದಲ್ಲಿ ಮಠ ಅಂತ ಒಂದು ಬಿಲ್ಲೆ ಬರುತ್ತದೆ. ಅದರ ಸುತ್ತ ಎಂಟೂ ಕಡೆ ತುಂಬಿದರೆ 9 ಅಂಕ. ನನ್ನ ಮಠಕ್ಕೆ ಏಳು ಆಗಿದ್ದವು. ಎಂಟನೆಯದು ಕೈಗೆ ಬಂತು, ಚಿತ್ರವೂ ಹೊಂದಿತು. ಆದರೆ ಸಂದಿಯೊಳಗೆ ಕೂರಲೇ ಇಲ್ಲ! ಒತ್ತಿದೆ. ಇಡೀ ಆ ಕಡೆಯ ಸಾಲು ಜರುಗಿ ತಮ್ಮನ ಕೋಟೆ ಬಾಯಿ ಬಿಟ್ಟಿತು. ಯಾವ ಬಿಲ್ಲೆ ಯಾವುದರ ಪಕ್ಕದ್ದು ಅನ್ನುವುದೇ ತಿಳಿಯದ ಹಾಗಾಯಿತು. "ಕ್ವಾಟಿ ಮುಗದೈತಿ" ಅಂತ ಅವನು, "ಎಲ್ಲಿ ಮುಗದೈತಿ, ಗ್ವಾಡಿ ಕೂಡೇ ಇಲ್ಲ" ಅಂತ ನನ್ನ ಹೆಂಡತಿ. ಸುಮ್ನೆ ಜಗಳ ಅಲ್ಲ ಇದು. ಮುಗಿದ ಕೋಟೆಗೆ ಬಿಲ್ಲೆಗೆ 2 ಅಂಕ, ಅರ್ಧಕ್ಕೆ ನಿಂತರೆ ಕೊನೆಯಲ್ಲಿ 1 ಮಾತ್ರ. ಪಕ್ಕದಲ್ಲಿ ಕೂತಿದ್ದ ಅವ್ವ, "ನೆಲದ ಮ್ಯಾಲೆ ಗೆರಿ ಹೊಡದ್ರ ಜರಗ್ತಾವೇನು?" ಅಂದಳು. ಅವಳ ಆಟ ಚೌಕಾಬಾರಾ.

ಮುಂದಿನ ಭಾನುವಾರ ಪಾಲಿಶ್ ಪೇಪರ್ ತಂದು ಅಂಚು ಉಜ್ಜಲು ಕೂತೆ. ಹನ್ನೊಂದು ಬಿಲ್ಲೆ ಉಜ್ಜಿದೆ. ಅಂಚಿನ ಚಿತ್ರ ಸಿಪ್ಪೆ ಎದ್ದಿತು. ಈಗ ಚಿತ್ರ ಕೆಳಗೆ ಮಾಡಿ ಇಟ್ಟರೂ ಆ ಹನ್ನೊಂದು ಯಾವುವು ಅಂತ ಎಲ್ಲರಿಗೂ ಗೊತ್ತು.

ನಡುವೆ ಪ್ರಿಂಟ್ ಹಾಕಿಸುವ ದಾರಿಯನ್ನೂ ನೋಡಿದೆ. ಕಾರ್ಕಾಸೋನ್ ಅಲ್ಲ, ಮಾಡಿದವರೇ ಫೈಲನ್ನು ಪುಕ್ಕಟೆ ಕೊಡುವ ಇಸ್ಪೀಟಿನಂಥ ಬೇರೆ ಸಣ್ಣ ಆಟಗಳಿವೆ. ಎ4 ಹಾಳೆಗೆ ಒಂಬತ್ತು ಕಾರ್ಡು. ಸಪ್ತಾಪುರದ ಝೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದಿಸುವ (ಫಿಟ್ ಟು ಪೇಜ್) ಟಿಕ್ ತೆಗೆಸಲು ಮರೆತೆ, ಎಲ್ಲ ಕಾರ್ಡೂ ಚಿಕ್ಕದಾದವು. ತಪ್ಪು ನನ್ನದೇ. ಕತ್ತರಿ ಹಿಡಿದು ಕೂರುವ ತಾಳ್ಮೆ ಇದ್ದವರಿಗೆ ಇದಕ್ಕಿಂತ ಅಗ್ಗದ್ದಿಲ್ಲ.

ಕೊನೆಗೆ ಬೆಂಗಳೂರಿನವರೊಬ್ಬರು ತಮ್ಮ ಹಳೇ ಡಬ್ಬಿ ₹1,300ಕ್ಕೆ ಕೊಟ್ಟರು. ಬಸ್ಸಿನಲ್ಲಿ ಪಾರ್ಸೆಲ್ ಬಂತು. ಹುಬ್ಬಳ್ಳಿಯಲ್ಲಿ ಬಿಡಿಸಿಕೊಂಡು ಚಿಗರಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಧಾರವಾಡಕ್ಕೆ ತಂದೆ. ಡಬ್ಬಿಯ ಮೂಲೆ ಹರಿದಿತ್ತು. ಬಿಲ್ಲೆ 72 ಸರಿಯಾಗಿದ್ದವು, ಒಂದಕ್ಕೊಂದು ಅಂಟಿದ ಹಾಗೆ ಕೂತವು. ಐದು ಬಣ್ಣಕ್ಕೆ ಎಂಟೆಂಟರಂತೆ ಮರದ ಗೊಂಬೆ 40 ಇರಬೇಕು, 39 ಇದ್ದವು. ನೀಲಿ ಒಂದು ಇಲ್ಲ. ಎಂಟರಲ್ಲಿ ಒಂದಕ್ಕೆ ಅಂಕದ ಹಲಗೆ ಮೇಲೆ ನಡೆಯುವುದಷ್ಟೇ ಕೆಲಸ. ಅದರ ಜಾಗಕ್ಕೆ ಅವ್ವ ತನ್ನ ಕವಡೆ ಇಟ್ಟಳು.

ಕೊಳ್ಳುವಾಗ ಡಬ್ಬಿಯ ಫೋಟೋ ಕೇಳಬೇಡಿ. ಬಿಲ್ಲೆಗಳನ್ನು ನೆಲದ ಮೇಲೆ ಹರಡಿ ತೆಗೆದದ್ದು ಕೇಳಿ.

ಹೊಸದು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನವನಗರದ ಗೆಳೆಯ ತಿಂಡಿ ತಟ್ಟೆಯನ್ನು ಅದರ ಹತ್ತಿರ ತರಲು ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಗಿರ್ಮಿಟ್, ಮಿರ್ಚಿ ಇಲ್ಲದೆ ಆಟ ಶುರುವಾಗುವುದೇ ಇಲ್ಲ. ಎಣ್ಣೆ ಕೈಗೆ ಹಳೇ ಬಿಲ್ಲೆಯೇ ಸೈ.

ನಕಲಿ ಡಬ್ಬಿಯಲ್ಲಿ ಎಂಟು ನೀಲಿ ಗೊಂಬೆ ಹಾಗೇ ಬಿದ್ದಿವೆ, ಒಂದನ್ನು ಇತ್ತ ಹಾಕಬಹುದಿತ್ತು. ಕವಡೆ ತೆಗೆದರೆ ಅವ್ವ ಆಟಕ್ಕೆ ಕೂರಲ್ಲ.